ಅಪ್ಪನ ಪ್ರಸಂಗ, ಅಮೆರಿಕದ ಗೋಧಿ

ಅಣ್ಣನ ಮಗ ಶಿಕಾಗೊದಲ್ಲಿ ಸಂಖ್ಯಾಶಾಸ್ತ್ರ ಓದುತ್ತಿದ್ದಾನೆ. ಹೋದ ಜನವರಿಯಲ್ಲಿ ಒಂದು ರಾತ್ರಿ ಅವನಿಂದ ಫೋಟೊ ಬಂತು. ಹಳದಿಯಾದ ಒಂದು ಪುಟ. ಮೇಲೆ ನನ್ನ ಅಪ್ಪನ ಹೆಸರು. ಕೆಳಗೆ ಕಾಸರಗೋಡಿನ ಒಂದು ಅಚ್ಚುಕೂಟದ ಹೆಸರು, 1966, ಬೆಲೆ ಒಂದೂವರೆ ರೂಪಾಯಿ. ಮೂಲೆಯಲ್ಲಿ ವಾರೆಯಾಗಿ ಒಂದು ಸೀಲು: ಪಿ.ಎಲ್. 480.

"ಅತ್ತೆ, ಇದು ಅಜ್ಜನ ಪುಸ್ತಕ ಅಲ್ವಾ? ಇಲ್ಲಿಯ ಲೈಬ್ರರಿಯಲ್ಲಿ ಸಿಕ್ಕಿತು" ಎಂದು ಬರೆದಿದ್ದ.

ಕನ್ನಡಕ ಕೈಗೆ ಸಿಗಲಿಲ್ಲ. ಫೋಟೊವನ್ನೇ ಬೆರಳಲ್ಲಿ ದೊಡ್ಡದು ಮಾಡಿ ಓದಿದೆ. ಅಪ್ಪನದ್ದೇ. ನಮ್ಮ ಮನೆಯಲ್ಲಿ ನಲವತ್ತು ವರ್ಷದಿಂದ ಯಾರೂ ಕಣ್ಣಲ್ಲಿ ಕಾಣದ ಪುಸ್ತಕ.

ಅಪ್ಪ ಬದಿಯಡ್ಕದ ಹತ್ತಿರ ಕನ್ನಡ ಶಾಲೆಯ ಮಾಷ್ಟ್ರು. ಹಗಲು ಪಾಠ, ರಾತ್ರಿ ತಾಳಮದ್ದಳೆ, ಎಂದರೆ ವೇಷ ಕುಣಿತ ಇಲ್ಲದೆ ಕೂತು ಪದ, ಮಾತಿನಲ್ಲೇ ನಡೆಸುವ ಯಕ್ಷಗಾನ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಹುಟ್ಟಿದವರಿಗೆ ಯಕ್ಷಗಾನದ ಪದ ಹೊಸೆಯುವ ಚಟ ಹತ್ತುವುದು ದೊಡ್ಡ ಸಂಗತಿಯೇನಲ್ಲ. ಅಪ್ಪ ಬರೆದದ್ದು ಒಂದೇ ಪ್ರಸಂಗ, ಎಂದರೆ ಯಕ್ಷಗಾನಕ್ಕೆ ಬೇಕಾದ ಪದಗಳ ಪುಸ್ತಕ. ಅಕ್ಷಯಪಾತ್ರೆಯ ಕಥೆ. ದ್ರೌಪದಿಯ ಊಟ ಮುಗಿದ ಹೊತ್ತಿಗೆ ಸರಿಯಾಗಿ ದೂರ್ವಾಸ ಶಿಷ್ಯರ ದಂಡು ಕಟ್ಟಿಕೊಂಡು ಬರುತ್ತಾನಲ್ಲ, ಪಾತ್ರೆಗೆ ಅಂಟಿದ ಒಂದು ಚೂರನ್ನು ಕೃಷ್ಣ ಬಾಯಿಗೆ ಹಾಕಿಕೊಂಡರೆ ಅಷ್ಟೂ ಜನರ ಹೊಟ್ಟೆ ತುಂಬುತ್ತದಲ್ಲ, ಅದು. ಅಮ್ಮನ ಎರಡು ಬಳೆ ಅಡವಿಟ್ಟು 500 ಪ್ರತಿ ಅಚ್ಚು ಹಾಕಿಸಿದರು. ಬಳೆ ವಾಪಸು ಬಂತೋ ಇಲ್ಲವೋ ಎಂದು ಅಮ್ಮನನ್ನು ಕೇಳುವ ಧೈರ್ಯ ನಮಗೆ ಯಾರಿಗೂ ಬರಲಿಲ್ಲ.

ಯಕ್ಷಗಾನ ಆಡುವ ಯಾವ ಮೇಳದವರೂ ಅದನ್ನು ಆಡಲಿಲ್ಲ. ನೆಂಟರಿಗೆ ಹಂಚಿ, ಊರ ವಾಚನಾಲಯಕ್ಕೆ ಎರಡು ಕೊಟ್ಟು, ಉಳಿದದ್ದು ಮಂಚದಡಿಯ ಪೆಟ್ಟಿಗೆಗೆ ಹೋಯಿತು. ಒಂದು ಮಳೆಗಾಲದಲ್ಲಿ ಆ ಪೆಟ್ಟಿಗೆಗೆ ಒರಲೆ ಹಿಡಿಯಿತು. ತೆರೆದು ನೋಡುವಾಗ ಮಣ್ಣು ಮಾತ್ರ.

ಆದರೆ ಒರಲೆ ಹಿಡಿಯುವ ಮೊದಲು ಒಂದು ಸಂಗತಿ ನಡೆದಿತ್ತು. ಮಂಗಳೂರಿನ ಪುಸ್ತಕದ ಅಂಗಡಿಯವರೊಬ್ಬರು ಕಾರ್ಡು ಬರೆದು ಇಪ್ಪತ್ತು ಪ್ರತಿ ಒಟ್ಟಿಗೆ ತರಿಸಿಕೊಂಡಿದ್ದರು. ಮನಿಯಾರ್ಡರೂ ಬಂತು. ಅಪ್ಪ ಲೆಕ್ಕ ಹಾಕಿದರು. ಒಬ್ಬನೇ ಇಪ್ಪತ್ತು ಪುಸ್ತಕ ಯಾಕೆ ತಗೊಳ್ಳುತ್ತಾನೆ? ಪದ ಹಾಡುವ ಭಾಗವತರಿಗೆ ಒಂದು, ವೇಷಧಾರಿಗಳಿಗೆ ಒಂದೊಂದು. ಘಟ್ಟದ ಮೇಲಿನ ಯಾವುದೋ ಮೇಳದವರೇ ಇರಬೇಕು! ಅಲ್ಲಿಂದ ಮುಂದೆ ಪ್ರತಿ ವರ್ಷ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಸಾಗರ, ಶಿವಮೊಗ್ಗ ಕಡೆಯಿಂದ ಯಾರಾದರೂ ಮನೆಗೆ ಬಂದರೆ, "ಈ ಸಲ ಆ ಕಡೆ ಅಕ್ಷಯಪಾತ್ರೆ ಆಡಿದರಾ?" ಎಂದು ಸುಮ್ನೆ ಕೇಳಿದ ಹಾಗೆ ಕೇಳುವರು. ತೀರಿಕೊಳ್ಳುವವರೆಗೂ ಆ ಮೇಳ ಅವರ ತಲೆಯೊಳಗೆ ತಿರುಗಾಟ ಮಾಡುತ್ತಲೇ ಇತ್ತು.

ಆ ಇಪ್ಪತ್ತು ಪ್ರತಿ ಎಲ್ಲಿ ಹೋದವು ಎಂಬುದಕ್ಕೆ ಉತ್ತರ ಆ ಸೀಲಿನಲ್ಲಿತ್ತು.

"ಪಿ.ಎಲ್. 480 ಅಂದ್ರೇನು ಅತ್ತೆ?" ಎಂದು ಹುಡುಗ ಕೇಳಿದ. ಅವನಿಗೆ ಗೊತ್ತಿಲ್ಲ, ಸರಿ. ಆದರೆ 1960ರ ದಶಕದಲ್ಲಿ ಶಾಲೆಗೆ ಹೋದ ನಮಗೆ ಅದು ಮನೆಮಾತು. ಅಮೆರಿಕದಲ್ಲಿ ಬೆಳೆದು ಹೆಚ್ಚಾದ ಗೋಧಿಯನ್ನು ಹೊರದೇಶಗಳಿಗೆ ಮಾರಲು 1954ರಲ್ಲಿ ಐಸೆನ್‌ಹೋವರ್ ಸಹಿ ಹಾಕಿದ ಕಾನೂನು ಅದು. ಭಾರತ ಅದರಡಿ ಒಪ್ಪಂದಕ್ಕೆ ಬಂದದ್ದು 1956ರಲ್ಲಿ. ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ ವರ್ಷವೇ. ವಿಶೇಷ ಏನೆಂದರೆ ನಾವು ಡಾಲರ್ ಕೊಡಬೇಕಿರಲಿಲ್ಲ, ರೂಪಾಯಿ ಕೊಟ್ಟರೆ ಸಾಕಿತ್ತು. ಆ ರೂಪಾಯಿಯನ್ನು ಅಮೆರಿಕ ಕಟ್ಟಿಕೊಂಡು ಹೋಗುವಂತಿರಲಿಲ್ಲ. ಹೆಚ್ಚಿನದೆಲ್ಲ ಇಲ್ಲೇ ಖರ್ಚು ಮಾಡಬೇಕು. ಇಲ್ಲವೇ ನಮಗೇ ಸಾಲ ಕೊಡಬೇಕು. ಹೀಗೆ ಅಮೆರಿಕದ ಹೆಸರಲ್ಲಿ ಇಲ್ಲಿ ರಾಶಿ ರಾಶಿ ರೂಪಾಯಿ ಸೇರುತ್ತಾ ಹೋಯಿತು.

1958ರಲ್ಲಿ ಡಿಂಗೆಲ್ ಎಂಬ ಸಂಸದರು ಆ ಕಾನೂನಿಗೆ ಒಂದು ಕಲಮು ಸೇರಿಸಿದರು. ಈ ಹಣದಿಂದ ಆಯಾ ದೇಶದ ಪುಸ್ತಕ ಕೊಂಡು ಅಮೆರಿಕದ ಲೈಬ್ರರಿಗಳಿಗೆ ಕಳಿಸಬಹುದು ಎಂದು. 1962ರಲ್ಲಿ ಅಮೆರಿಕದ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ ದೆಹಲಿಯಲ್ಲಿ ಕಚೇರಿಯನ್ನೇ ತೆರೆಯಿತು. ಹಿಂದಿ, ಬಂಗಾಳಿ, ತಮಿಳು, ಕನ್ನಡ, ಮಲಯಾಳ, ಎಲ್ಲ ಭಾಷೆಯ ಪುಸ್ತಕವನ್ನೂ ಅವರು ವ್ಯಾಪಾರಿಗಳ ಮೂಲಕ ಕೊಂಡರು. ಒಂದೊಂದಕ್ಕೂ ಹಲವು ಪ್ರತಿ, ಯಾಕೆಂದರೆ ಹಲವು ವಿಶ್ವವಿದ್ಯಾಲಯಗಳಿಗೆ ಹಂಚಬೇಕು. ಬಂದ ಪುಸ್ತಕಗಳ ಪಟ್ಟಿಯನ್ನೂ ಅಚ್ಚು ಹಾಕುತ್ತಿದ್ದರು.

ಅಪ್ಪನ ಮೇಳ ಅದು. ಘಟ್ಟದ ಮೇಲಿನದ್ದಲ್ಲ, ಅಷ್ಟೇ.

ಈಗ ನನ್ನ ಶಾಲೆಯ ಕಥೆ ಹೇಳದಿದ್ದರೆ ಆಗುವುದಿಲ್ಲ. ಅಪ್ಪನ ಪುಸ್ತಕ ಅಚ್ಚಾಗುವಾಗ ನಾನು ಮೂರನೇ ಕ್ಲಾಸು. ಮಧ್ಯಾಹ್ನ ಶಾಲೆಯಲ್ಲಿ ಉಪ್ಪಿಟ್ಟು. ನಮ್ಮ ಮನೆಯಲ್ಲಿ ಅದಕ್ಕೆ ಸಜ್ಜಿಗೆ ಎನ್ನುತ್ತಾರೆ, ಶಾಲೆಯಲ್ಲಿ ಬೇಯಿಸುತ್ತಿದ್ದ ಹೆಂಗಸು ಉಪ್ಪುಮಾವು ಎನ್ನುತ್ತಿದ್ದರು. ಹಳದಿ ಬಣ್ಣ, ಮೆಕ್ಕೆಜೋಳದ ಹಿಟ್ಟಿನ ವಾಸನೆ. ಬರುವಾಗ ದಾರಿಯ ಬದಿಯಿಂದ ಉಪ್ಪಳಿಗೆ ಎಲೆ ಕೊಯ್ದು ತರಬೇಕು, ಅದೇ ನಮ್ಮ ತಟ್ಟೆ. ಬಿಸಿ ಉಪ್ಪಿಟ್ಟು ಬಿದ್ದ ಕೂಡಲೇ ಎಲೆ ಬಾಡಿ ಒಂದು ಬಗೆಯ ಹಸಿ ಪರಿಮಳ ಬರುತ್ತದೆ. ಕೇರಳದಲ್ಲಿ ಆ ಕಾಲದಲ್ಲಿ ಶಾಲೆ ಕಲಿತ ಯಾರನ್ನು ಬೇಕಾದರೂ ಕೇಳಿ, ಪಾಠ ಮರೆತಿರುತ್ತಾರೆ, ಆ ಪರಿಮಳ ಮರೆತಿರುವುದಿಲ್ಲ. ಎಣ್ಣೆ ಬರುತ್ತಿದ್ದ ಟಿನ್ನಿನ ಮೇಲೆ ಎರಡು ಕೈ ಕುಲುಕುವ ಚಿತ್ರ. ಖಾಲಿ ಟಿನ್ನಿಗೆ ಹಿಡಿ ಹಾಕಿಸಿ ಬಾವಿಯಿಂದ ನೀರು ಸೇದುತ್ತಿದ್ದರು. ಒಂದು ನಮ್ಮ ತೋಟಕ್ಕೂ ಬಂದಿತ್ತು. ಆ ಎರಡು ಕೈ ದಿನಕ್ಕೆ ಎಷ್ಟು ಸಲ ಬಾವಿಗೆ ಇಳಿದು ಹತ್ತುತ್ತಿತ್ತೋ!

ಆ ಉಪ್ಪಿಟ್ಟು ಕೇರ್ ಎಂಬ ಅಮೆರಿಕದ ಸೇವಾಸಂಸ್ಥೆಯ ಮೂಲಕ ಬಂದ ದಾನ. ರೇಷನ್ ಅಂಗಡಿಯಲ್ಲಿ ಅಕ್ಕಿಯ ಬದಲು ಸಿಗುತ್ತಿದ್ದ ಗೋಧಿ ಬೇರೆ, ಅದು ದುಡ್ಡಿಗೆ ಬಂದದ್ದು. ಪುಸ್ತಕದ ಹಣ ಹುಟ್ಟಿದ್ದು ಆ ಎರಡನೆಯದರಿಂದ. ಕುಚ್ಚಲಕ್ಕಿ ಗಂಜಿ ಉಂಡು ಬೆಳೆದ ನಮ್ಮ ಊರಿನವರಿಗೆ ಗೋಧಿ ಎಂದರೆ ಕಾಯಿಲೆಯವರ ಆಹಾರ. ಬೈದುಕೊಂಡೇ ತಿನ್ನುತ್ತಿದ್ದರು. ಗೋಧಿಯ ಜೊತೆ ಕಾಂಗ್ರೆಸ್ ಗಿಡದ ಬೀಜವೂ ಬಂತು ಎನ್ನುವ ಮಾತು ಇವತ್ತಿಗೂ ಇದೆ.

ಇದೇನೂ ಇಬ್ಬರು ಗೆಳೆಯರ ಚಂದದ ಕಥೆಯಲ್ಲ. ಎರಡೂ ಪ್ರಜಾಪ್ರಭುತ್ವ, ಎರಡರಲ್ಲೂ ಚುನಾವಣೆ, ಪತ್ರಿಕೆ, ಕೋರ್ಟು. ಆದರೂ 1965-66ರ ಬರಗಾಲದಲ್ಲಿ ಅಧ್ಯಕ್ಷ ಜಾನ್ಸನ್ ಗೋಧಿಯನ್ನು ಹಗ್ಗ ಹಿಡಿದು ಸ್ವಲ್ಪ ಸ್ವಲ್ಪವೇ ಬಿಟ್ಟರು. ನಮ್ಮ ಕೃಷಿ ನೀತಿ ಬದಲಾಗಲಿ ಎಂಬುದೂ ಇತ್ತು, ವಿಯೆಟ್ನಾಂ ಯುದ್ಧದ ಬಗ್ಗೆ ದೆಹಲಿ ಮಾತಾಡಿದ ಸಿಟ್ಟೂ ಇತ್ತು. ಹಡಗಿನಿಂದ ಇಳಿದದ್ದು ನೇರ ಬಾಯಿಗೆ ಎನ್ನುವ ಸ್ಥಿತಿ. ಶಾಸ್ತ್ರಿಯವರು ಸೋಮವಾರ ರಾತ್ರಿ ಊಟ ಬಿಡಿ ಎಂದು ಕೇಳಿಕೊಂಡದ್ದು ಅದೇ ಹೊತ್ತಿನಲ್ಲಿ. ನಮ್ಮ ಅಪ್ಪ ಬಿಟ್ಟಿದ್ದರು, ಮಕ್ಕಳಿಗೆ ವಿನಾಯಿತಿ. ಈಗ ಯೋಚಿಸಿದರೆ, ಅಕ್ಷಯಪಾತ್ರೆಯ ಕಥೆಯನ್ನೇ ಅಪ್ಪ ಯಾಕೆ ಹಿಡಿದರು ಎಂದು ಕೇಳಬೇಕಾದ್ದೇ ಇಲ್ಲ.

1966ರಲ್ಲಿ ಇಂದಿರಾ ಗಾಂಧಿ ವಾಷಿಂಗ್ಟನ್‌ಗೆ ಹೋದಾಗ ಜಾನ್ಸನ್ ಇನ್ನೊಂದು ಮಾತು ಮುಂದಿಟ್ಟರು. ಸೇರಿರುವ ರೂಪಾಯಿಯಲ್ಲಿ 30 ಕೋಟಿ ಡಾಲರಿನಷ್ಟು ತೆಗೆದು ಭಾರತ-ಅಮೆರಿಕ ಪ್ರತಿಷ್ಠಾನ ಮಾಡೋಣ, ಶಿಕ್ಷಣಕ್ಕೆ, ವಿಜ್ಞಾನಕ್ಕೆ ಎಂದು. ಇಲ್ಲಿಯ ಪ್ರೊಫೆಸರುಗಳು ಗಲಾಟೆ ಎಬ್ಬಿಸಿದರು. ನಮ್ಮ ವಿಶ್ವವಿದ್ಯಾಲಯಗಳು ಅವರ ಕೈಗೆ ಹೋಗುತ್ತವೆ ಎಂಬ ಹೆದರಿಕೆ. ಯೋಜನೆ ಮೂಲೆಗೆ ಬಿತ್ತು. ಗಲಾಟೆ ಸರಿಯಾಗಿಯೇ ಇತ್ತು ಎಂದು ನನ್ನ ಅಭಿಪ್ರಾಯ. ಹಸಿದವನ ಮನೆಗೆ ಅಕ್ಕಿ ತಂದವನು ಆ ಮನೆಯ ಮಗುವಿಗೆ ಪಾಠವನ್ನೂ ನಾನೇ ಹೇಳುತ್ತೇನೆ ಎಂದರೆ ಯಾರಿಗಾದರೂ ಒಂದು ಕ್ಷಣ ಅನುಮಾನ ಬರುತ್ತದೆ.

1971ರ ಡಿಸೆಂಬರಿನಲ್ಲಿ, ಬಾಂಗ್ಲಾ ಯುದ್ಧದ ಹೊತ್ತಿಗೆ, ಅಧ್ಯಕ್ಷ ನಿಕ್ಸನ್ ಬಂಗಾಳ ಕೊಲ್ಲಿಗೆ ಎಂಟರ್‌ಪ್ರೈಸ್ ಯುದ್ಧನೌಕೆ ಕಳಿಸಿದರು. ಆಗ ನಾನು ಹೈಸ್ಕೂಲು. ಅಮೆರಿಕ ಎಂದರೆ ಬೈಗುಳ. ಅದಾಗಿ ಮೂರು ವರ್ಷವೂ ಆಗಿರಲಿಲ್ಲ, 1974ರ ಫೆಬ್ರವರಿಯಲ್ಲಿ ಅಮೆರಿಕದ ರಾಯಭಾರಿ ಮೊಯ್ನಿಹಾನ್ ನಮ್ಮ ಸರ್ಕಾರಕ್ಕೆ ಒಂದು ಚೆಕ್ ಕೊಟ್ಟರು. 1,664 ಕೋಟಿ ರೂಪಾಯಿ. ಅಷ್ಟು ದೊಡ್ಡ ಚೆಕ್ಕು ಎಂದು ಗಿನ್ನೆಸ್ ದಾಖಲೆಗೂ ಹೋಯಿತು. ಗೋಧಿಯ ಲೆಕ್ಕದಲ್ಲಿ ಸೇರಿದ್ದ ದುಡ್ಡಿನ ದೊಡ್ಡ ಪಾಲು ಹೀಗೆ ಚುಕ್ತಾ ಆಯಿತು. ಈ ಮೊಯ್ನಿಹಾನ್ ಹಾರ್ವರ್ಡ್‌ನಲ್ಲಿ ಮೇಷ್ಟ್ರಾಗಿದ್ದವರು. ಮೇಷ್ಟ್ರುಗಳು ಸಾಲ ಬಿಡುವುದರಲ್ಲಿ ಉದಾರಿಗಳು, ನಮ್ಮ ಅಪ್ಪನೂ ಹಾಗೇ ಇದ್ದರು. ಅಮ್ಮನ ಸಿಟ್ಟಿಗೆ ಅದೂ ಒಂದು ಕಾರಣ.

ಮೇಲಿನವರು ಹೀಗೆ ಜಗಳವಾಡಿ ರಾಜಿಯಾಗುತ್ತಿದ್ದಾಗ ಕೆಳಗೆ ಜನ ಓಡಾಡುತ್ತಲೇ ಇದ್ದರು. ನೆಹರೂ ಕಾಲದಲ್ಲಿ, 1950ರಲ್ಲಿ ಎರಡು ದೇಶಗಳ ನಡುವೆ ಫುಲ್‌ಬ್ರೈಟ್ ಎಂಬ ವಿದ್ಯಾರ್ಥಿವೇತನದ ಒಪ್ಪಂದ ಆಗಿತ್ತು. ಅದರ ಮೊದಲ ಬಂಡವಾಳವೂ ಮಿಕ್ಕ ಸಾಮಾನಿನದ್ದೇ. ಎರಡನೇ ಮಹಾಯುದ್ಧದಲ್ಲಿ ಉಳಿದ ಸರಕನ್ನು ಹೊರದೇಶಗಳಲ್ಲಿ ಮಾರಿ ಬಂದ ಹಣದಲ್ಲಿ ವಿದ್ಯಾರ್ಥಿಗಳನ್ನು ಕಳಿಸಿದರು. ಮೈಸೂರಿನ ಎ.ಕೆ. ರಾಮಾನುಜನ್ 1959ರಲ್ಲಿ ಅಮೆರಿಕಕ್ಕೆ ಹೋದದ್ದು ಆ ಫುಲ್‌ಬ್ರೈಟಿನಲ್ಲೇ. ಆಮೇಲೆ ಶಿಕಾಗೊದಲ್ಲಿ ಕೂತು ನಮ್ಮ ವಚನಗಳನ್ನು ಇಂಗ್ಲಿಷಿಗೆ ಮಾಡಿದರು. ಆ ಕಡೆಯಿಂದ ಪೀಟರ್ ಕ್ಲಾಸ್ ಎಂಬ ಸಂಶೋಧಕರು ಬಂದು ತುಳುನಾಡಿನ ಪಾಡ್ದನ ಎಂಬ ಜನಪದ ಹಾಡು, ಸಿರಿ ಜಾತ್ರೆ ಎಂದು ವರ್ಷಗಟ್ಟಲೆ ಅಲೆದರು. ಮಾರ್ತಾ ಆಷ್ಟನ್ ಉಡುಪಿಗೆ ಬಂದು ಹಿರಿಯಡಕ ಗೋಪಾಲರಾಯರಿಂದ ಯಕ್ಷಗಾನ ಕಲಿತರು. ಅಮೆರಿಕದ ಹೆಂಗಸು ಗೆಜ್ಜೆ ಕಟ್ಟಿದ ಸುದ್ದಿ ನಮ್ಮ ಕಡೆಯೂ ಬಂದಿತ್ತು. ಆಗ ನಮ್ಮ ಮನೆಯ ಹೆಣ್ಣುಮಕ್ಕಳು ಬಣ್ಣ ಹಚ್ಚಿಕೊಳ್ಳುವ ಚೌಕಿಯ ಹತ್ತಿರ ಹೋದರೂ ಬೈಗುಳ ತಿನ್ನಬೇಕಿತ್ತು.

ಹುಡುಗ ಪುಸ್ತಕ ಹುಡುಕಿದ ಕಥೆಯೂ ತಮಾಷೆ. ಹೊರಗೆ ಹಿಮ, ರೂಮಿನ ಹೀಟರ್ ಕೆಟ್ಟಿತ್ತು. ಬೆಚ್ಚಗಿರುತ್ತದೆ ಎಂದು ಲೈಬ್ರರಿಗೆ ಹೋಗಿ ಕೂತಿದ್ದಾನೆ. ಹೊತ್ತು ಹೋಗದೆ ಅಜ್ಜನ ಹೆಸರು ಟೈಪ್ ಮಾಡಿದ್ದಾನೆ. ಅಲ್ಲಿ ಕನ್ನಡ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಮೇಲೆ ಗೆರೆ, ಕೆಳಗೆ ಚುಕ್ಕಿ ಇಟ್ಟು ಬರೆಯುತ್ತಾರಂತೆ. ನಾಲ್ಕು ಬಗೆಯಲ್ಲಿ ಬರೆದು ನೋಡಿದ ಮೇಲೆ ಸಿಕ್ಕಿತು. ನಲವತ್ತೆಂಟು ಪುಟದ, ಪಿನ್ ಹೊಡೆದ ಪುಸ್ತಕಕ್ಕೆ ಅವರು ಗಟ್ಟಿ ರಟ್ಟು ಹಾಕಿದ್ದಾರೆ. ಅಪ್ಪ ನೋಡಿದ್ದರೆ ಒಳಗಿನದ್ದಕ್ಕಿಂತ ಆ ರಟ್ಟನ್ನೇ ಜಾಸ್ತಿ ಸವರುತ್ತಿದ್ದರು.

ನಾನು ಈ ಕಡೆ ವಾಚನಾಲಯಕ್ಕೆ ಹೋಗಿ ಕೇಳಿದೆ. ಯಾವುದು ಎಂದು ಹೇಳುವುದಿಲ್ಲ. ಅಪ್ಪ ಕೊಟ್ಟ ಎರಡು ಪ್ರತಿ ಕಟ್ಟಡ ರಿಪೇರಿಯ ಸಮಯದಲ್ಲಿ ಉಳಿದ ಹಳೆ ಪುಸ್ತಕಗಳ ಜೊತೆ ಗುಜರಿಗೆ ಹೋಗಿವೆ. ತೂಕಕ್ಕೆ. ಹೇಳಿದವರ ಮುಖದಲ್ಲಿ ಬೇಸರ ಇತ್ತು, ಅದಕ್ಕೆ ನಾನೂ ಜೋರು ಮಾಡಲಿಲ್ಲ. ಕಾಸರಗೋಡಿನ ಕನ್ನಡ ಪುಸ್ತಕದ ಹಣೆಬರಹವೇ ಹಾಗೆ. ತಿರುವನಂತಪುರದ ಲೆಕ್ಕಕ್ಕೆ ಅದು ಕನ್ನಡ, ಬೆಂಗಳೂರಿನ ಲೆಕ್ಕಕ್ಕೆ ಅದು ಕೇರಳ. ದೆಹಲಿಯಲ್ಲಿ ಕೂತ ಅಮೆರಿಕದ ಕಚೇರಿಗೆ ಮಾತ್ರ ಇದ್ಯಾವುದೂ ಬೇಕಿರಲಿಲ್ಲ. ಕನ್ನಡ ಅಕ್ಷರ ಇದೆಯಾ, ಇದೆ, ಹಾಕು ಪೆಟ್ಟಿಗೆಗೆ. ನಲವತ್ತು ವರ್ಷ ಕನ್ನಡ ಕನ್ನಡ ಎಂದು ಅರ್ಜಿ ಬರೆದ ನನಗೆ ಇದನ್ನು ಒಪ್ಪಿಕೊಳ್ಳಲು ಸ್ವಲ್ಪ ಕಷ್ಟವೇ ಆಯಿತು.

ಆ ದೆಹಲಿ ಕಚೇರಿ ಈಗಲೂ ಇದೆ. ಗೋಧಿಯ ದುಡ್ಡು ಮುಗಿದ ಮೇಲೆ ಲೈಬ್ರರಿಗಳು ತಮ್ಮ ಹಣ ಹಾಕಿಯೇ ತರಿಸಿಕೊಳ್ಳುತ್ತವೆ. ಫುಲ್‌ಬ್ರೈಟಿಗೆ 2008ರಿಂದ ಭಾರತವೂ ಸಮ ಪಾಲು ಹಾಕುವ ಒಪ್ಪಂದ ಆಗಿ, ಹೆಸರಿಗೆ ನೆಹರೂ ಕೂಡಿಕೊಂಡರು. ಹುಡುಗನ ಗೆಳತಿಯೊಬ್ಬಳು ಅದರಲ್ಲೇ ಹೋದವಳು. ವೀಸಾದ ತಲೆಬಿಸಿ ಇಬ್ಬರಿಗೂ ಇದ್ದೇ ಇದೆ, ಅದನ್ನು ಬರೆಯಹೊರಟರೆ ಇನ್ನೊಂದು ಪ್ರಸಂಗವೇ ಆದೀತು.

ಹುಡುಗ ಅಷ್ಟೂ ಪುಟ ಸ್ಕ್ಯಾನ್ ಮಾಡಿ ಕಳಿಸಿದ. ಬದಿಯಡ್ಕದ ಜೆರಾಕ್ಸ್ ಅಂಗಡಿಯಲ್ಲಿ ಏಳು ಪ್ರತಿ ತೆಗೆಸಿದೆ. ಈ ಸಲ ಅಪ್ಪನ ತಿಥಿಯ ಮರುದಿನ ಮನೆಯ ಚಾವಡಿಯಲ್ಲಿ ತಾಳಮದ್ದಳೆ ಇಟ್ಟುಕೊಂಡಿದ್ದೇವೆ. ಪುಸ್ತಕ ಕೊಡಲು ಭಾಗವತರ ಮನೆಗೆ ನಾನೇ ಹೋಗಿದ್ದೆ. ಅವರು ಮೊದಲ ಪದವನ್ನು ಬಾಯೊಳಗೇ ಹೇಳಿ, ತೊಡೆಯ ಮೇಲೆ ತಾಳ ಹಾಕಿ, "ಟೀಚರೇ, ಎರಡು ಕಡೆ ಮಾತ್ರೆ ಜಾಸ್ತಿ ಆಗಿದೆ, ನಾನು ಸರಿ ಮಾಡಿಕೊಳ್ಳುತ್ತೇನೆ" ಎಂದರು. ಆಮೇಲೆ ಮುಖಪುಟದ ಮೂಲೆಗೆ ಬೆರಳಿಟ್ಟರು. ಜೆರಾಕ್ಸಿನಲ್ಲಿ ಆ ಸೀಲೂ ಕಪ್ಪಾಗಿ ಬಂದಿತ್ತು.

"ಇದೇನು ನಂಬರು?"

"ಗೋಧಿಯದ್ದು" ಎಂದೆ.

"ರೇಷನ್ ಕಾರ್ಡಿನದ್ದಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಪುಟ ಮಗುಚಿದರು.