ಕಲಬುರಗಿಯಲ್ಲಿ ರೂಮ್ ಮಾಡಿ, ರೈಲಲ್ಲಿ ಸುತ್ತಬಹುದಾ?

ಬೆಂಗಳೂರು, ಮೈಸೂರು ಕಡೆಯ ಗೆಳೆಯರು ಫೋನ್ ಮಾಡಿದಾಗಲೆಲ್ಲ ಕೇಳುವುದು ಇದನ್ನೇ. "ನಾಲ್ಕು ದಿನ ರಜೆ ಇದೆ. ಕಾರು ಬಾಡಿಗೆಗೆ ಹಿಡಿಯುವಷ್ಟು ದುಡ್ಡಿಲ್ಲ. ನಿಮ್ಮೂರಲ್ಲಿ ಒಂದೇ ರೂಮ್ ಮಾಡಿಕೊಂಡು, ದಿನಾ ರೈಲಲ್ಲಿ ಹೋಗಿ ರಾತ್ರಿ ವಾಪಸ್ ಬರೋಕೆ ಆಗುತ್ತಾ?"

ಆಗುತ್ತೆ. ಆದರೆ ಊರಿನ ಹೆಸರು ನೋಡಿ ಪ್ಲಾನ್ ಹಾಕಬೇಡಿ, ಸ್ಟೇಷನ್ ಎಲ್ಲಿದೆ ನೋಡಿ ಹಾಕಿ. ನಮ್ಮ ಕಡೆ ರೈಲಿನ ಟಿಕೆಟ್ ಅಗ್ಗ. ಜೇಬಿಗೆ ಕತ್ತರಿ ಬೀಳುವುದು ರೈಲು ಇಳಿದ ಮೇಲೆ, ಆಟೊದವರ ಹತ್ತಿರ.

ಕಲಬುರಗಿಗೆ ನಾಲ್ಕು ದಿಕ್ಕಿನ ಅನುಕೂಲ ಇದೆ. ಮುಂಬೈ–ಚೆನ್ನೈ ಮುಖ್ಯ ಮಾರ್ಗ ನಮ್ಮೂರ ಮೇಲೇ ಹೋಗುತ್ತದೆ. ಅದರಲ್ಲಿ ಒಂದು ಕಡೆ ಸೊಲ್ಲಾಪುರ, ಇನ್ನೊಂದು ಕಡೆ ವಾಡಿ, ಯಾದಗಿರಿ, ರಾಯಚೂರು. ವಾಡಿಯಲ್ಲಿ ಕವಲೊಡೆಯುವ ಹಳಿ ಚಿತ್ತಾಪುರ, ಸೇಡಂ ದಾಟಿ ಹೈದರಾಬಾದ್ ಕಡೆಗೆ ಹೋಗುತ್ತದೆ. ಅದು ನಿಜಾಮರ ಕಾಲದ್ದು, 1874ರ ಹಳಿ. ನಾಲ್ಕನೆಯದು ಬೀದರ್ ಮಾರ್ಗ. ದಶಕಗಟ್ಟಲೆ ಕಾದ ಮೇಲೆ 2017ರ ಅಕ್ಟೋಬರ್‌ನಲ್ಲಿ ಪೂರ್ತಿಯಾಗಿ ಶುರುವಾಯಿತು.

ಒಂದೇ ದಿನ ಕೈಯಲ್ಲಿದ್ದರೆ ಬೀದರ್‌ಗೇ ಹೋಗಿ. ಸುಮಾರು 110 ಕಿ.ಮೀ. ಜನರಲ್ ಟಿಕೆಟ್‌ಗೆ ನೂರು ರೂಪಾಯಿಯೂ ಆಗುವುದಿಲ್ಲ. ಕಮಲಾಪುರದ ಮೇಲೆ, ಮರಗುತ್ತಿ ಸುರಂಗ ನುಗ್ಗಿ, ಹುಮನಾಬಾದ್ ದಾಟಿ ಹೋಗುತ್ತದೆ. ಕೆಂಪು ಬಾಳೆಹಣ್ಣಿಗೆ ಹೆಸರಾದ ಕಮಲಾಪುರ ಇದೇ. ಈ ಮಾರ್ಗದಲ್ಲಿ ರೈಲು ಕಡಿಮೆ. ಹಾಗಾಗಿ ಹೋಗುವ ರೈಲಿಗಿಂತ ಮೊದಲು ವಾಪಸ್ ಬರುವ ರೈಲಿನ ಟೈಮ್ ನೋಡಿಕೊಳ್ಳಿ. ತಪ್ಪಿದರೆ ಗಾಬರಿ ಬೇಡ, ಬಸ್ಸು ಬೇಕಾದಷ್ಟಿವೆ.

ಬೀದರ್‌ನಲ್ಲಿ ಸ್ಟೇಷನ್ ಊರೊಳಗೇ ಇದೆ. ಒಂದು ಆಟೊ ಹಿಡಿದು ಕೋಟೆಗೆ ಹೋದರೆ ಮುಂದಿನದೆಲ್ಲ ಕಾಲ್ನಡಿಗೆ. ಕೋಟೆಯೊಳಗೆ ರಂಗೀನ್ ಮಹಲ್ ತಪ್ಪಿಸಬೇಡಿ. ಕರಿ ಕಲ್ಲಿನಲ್ಲಿ ಮುತ್ತಿನ ಚಿಪ್ಪಿನ ಚೂರು ಕೂರಿಸಿದ ಬಳ್ಳಿಗಳು ಅಲ್ಲಿವೆ. ಬೀಗ ಹಾಕಿದ್ದರೆ ಕಾವಲಿನವರನ್ನು ಕೇಳಿ ನೋಡಿ. ಆಮೇಲೆ ಮಹಮೂದ್ ಗವಾನ್ ಮದರಸಾ. 1472ರ ಕಟ್ಟಡ. ಅರ್ಧ ಕುಸಿದಿದೆ, ಆದರೂ ಉಳಿದ ಮಿನಾರಿನ ಮೇಲೆ ನೀಲಿ, ಹಸಿರು ಹೆಂಚಿನ ಚೂರುಗಳು ಇನ್ನೂ ಅಂಟಿಕೊಂಡಿವೆ. ಅಲ್ಲಿಂದ ಚೌಬಾರಾ ಸುತ್ತಲಿನ ಬಿದರಿ ಅಂಗಡಿಗಳಿಗೆ ಹೋಗಿ. ಏನೂ ಕೊಳ್ಳದಿದ್ದರೂ ಪರವಾಗಿಲ್ಲ, ಕೆಲಸ ನಡೆಯುವುದನ್ನು ನೋಡಿ. ಸತು, ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಉಳಿಯಿಂದ ಗೀರಿದ ಗೆರೆಯೊಳಗೆ ಬೆಳ್ಳಿ ತಂತಿ ಇಟ್ಟು ಬಡಿಯುತ್ತಾರೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಹಾಕಿದ ಬಿಸಿ ನೀರಿಗೆ ಅದ್ದುತ್ತಾರೆ. ಲೋಹ ಕಪ್ಪಗಾಗುತ್ತದೆ, ಬೆಳ್ಳಿ ಮಾತ್ರ ಬಿಳಿಯಾಗೇ ಉಳಿಯುತ್ತದೆ. ಅದಕ್ಕೆ ಮಳೆ, ಬಿಸಿಲು ತಾಗದ ಜಾಗದ ಮಣ್ಣೇ ಬೇಕಂತೆ. ಹಳೆಯ ಕೈಗಳು ಅದನ್ನು ನಾಲಿಗೆಗೆ ಇಟ್ಟೇ ಪರೀಕ್ಷೆ ಮಾಡುವುದು.

ಎರಡನೇ ದಿನಕ್ಕೆ ಯಾದಗಿರಿ. ಇದನ್ನು ಯಾರೂ ಲಿಸ್ಟಿನಲ್ಲಿ ಹಾಕುವುದಿಲ್ಲ, ನನಗೆ ಅದೇ ಬೇಜಾರು. ಮುಖ್ಯ ಮಾರ್ಗ ಆದ್ದರಿಂದ ರೈಲಿಗೆ ಬರವಿಲ್ಲ. ಶಹಾಬಾದ್ ಬಂತು ಅಂದರೆ ಬಲ ಎಡ ಎರಡೂ ಕಡೆ ಕಲ್ಲಿನ ಗಣಿಗಳ ರಾಶಿ ಕಾಣುತ್ತದೆ. ನಿಮ್ಮ ಅಜ್ಜಿ ಮನೆಯ ನೆಲಕ್ಕೆ ಹಾಸಿದ ಫರಸಿ ಇಲ್ಲಿಂದಲೇ ಹೋಗಿರಬಹುದು. ಯಾದಗಿರಿ ಕೋಟೆ ಊರ ಬೆನ್ನಿಗೇ ಇರುವ ಗುಡ್ಡದ ಮೇಲಿದೆ. ಮೆಟ್ಟಿಲು ಹತ್ತಿದರೆ ಗುಡಿ, ಮಸೀದಿ, ತೋಪು, ನೀರಿನ ಹೊಂಡ ಎಲ್ಲ ಒಂದೇ ಕಡೆ. ನೆರಳು ಮಾತ್ರ ಇಲ್ಲ. ಬೆಳಗಿನ ರೈಲಿಗೆ ಹೋಗಿ, ಬಿಸಿಲೇರುವ ಮೊದಲು ಇಳಿದುಬಿಡಿ.

ಈಗ ಜನ ಎಡವುವ ಜಾಗ. ಗಾಣಗಾಪುರ ರೋಡ್, ಅಕ್ಕಲಕೋಟ ರೋಡ್, ಮಳಖೇಡ ರೋಡ್ ಅಂತ ಸ್ಟೇಷನ್‌ಗಳಿವೆ. ರೈಲ್ವೆಯವರು ಹೆಸರಿನ ಮುಂದೆ ರೋಡ್ ಸೇರಿಸಿದರೆ, ಊರು ಅಲ್ಲಿಲ್ಲ ಅಂತಲೇ ತಿಳಿಯಿರಿ. ಗಾಣಗಾಪುರ ರೋಡ್‌ನಲ್ಲಿ ಇಳಿದರೆ ದತ್ತನ ಗುಡಿ ಇನ್ನೂ 20 ಕಿ.ಮೀ. ದೂರ. ಸುಮ್ನೆ ಕಲಬುರಗಿ ಬಸ್ ನಿಲ್ದಾಣಕ್ಕೆ ಹೋಗಿ ನೇರ ಬಸ್ಸು ಹಿಡಿಯಿರಿ. ಮಧ್ಯಾಹ್ನದೊಳಗೆ ಮುಟ್ಟಿದರೆ ಭಕ್ತರು ಮನೆ ಮನೆಗೆ ಹೋಗಿ ಬೇಡುವ ಮಾಧುಕರಿ ಭಿಕ್ಷೆಯನ್ನೂ ನೋಡಬಹುದು. ರಾಷ್ಟ್ರಕೂಟರ ಮಳಖೇಡಕ್ಕೂ ಸೇಡಂ ಬಸ್ಸೇ ವಾಸಿ. ಅಮೋಘವರ್ಷನ ರಾಜಧಾನಿ ಅಂತ ಹಂಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿ. ಕಾಗಿಣಾ ದಂಡೆಯಲ್ಲಿ ಕೋಟೆ, ಊರು, ಒಂದಿಷ್ಟು ಗುಡಿ, ಅಷ್ಟೇ.

ಭೀಮಾ ದಂಡೆಯ ಸನ್ನತಿ ಊರಿನ ಲೆಕ್ಕ ಬೇರೆ. ಯಾದಗಿರಿ ಮಾರ್ಗದ ನಾಲವಾರದಲ್ಲಿ ಇಳಿದು ಸುಮಾರು 20 ಕಿ.ಮೀ. ಗಾಡಿ ಮಾಡಲೇಬೇಕು. ಮೂರ್ನಾಲ್ಕು ಜನ ಇದ್ದರೆ ಮಾಡಿ, ಖಂಡಿತ ಮಾಡಿ. ಪಕ್ಕದ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪ ಸಿಕ್ಕಿದೆ. ಅಲ್ಲಿನ ಒಂದು ಕಲ್ಲಿನಲ್ಲಿ ರಾಜ, ರಾಣಿಯರನ್ನು ಕೆತ್ತಿ, 'ರಾಯೋ ಅಸೋಕೋ' ಅಂತ ಬ್ರಾಹ್ಮಿಯಲ್ಲಿ ಹೆಸರನ್ನೂ ಬರೆದಿದ್ದಾರೆ. ಅಶೋಕನ ಮುಖವನ್ನು ಹೆಸರಿನ ಸಮೇತ ನೋಡುವುದು ಅಂದರೆ ಸಣ್ಣ ವಿಷಯ ಅಲ್ಲ, ಅಲ್ವಾ?

ಮೂರನೇ ದಿನಕ್ಕೆ ಸೊಲ್ಲಾಪುರ ಸುಲಭ. ಸಿದ್ಧರಾಮರ ಗುಡಿ, ಕೆರೆ, ಪಕ್ಕದಲ್ಲೇ ಕೋಟೆ, ಬರುವಾಗ ಒಂದು ಚಾದರ. ಹೈದರಾಬಾದ್ ಮತ್ತು ವಿಜಯಪುರ ಒಂದು ದಿನದಲ್ಲಿ ಬೇಡ. ಹೋಗಿ ಬರಬಹುದು, ನೋಡೋಕೆ ಆಗಲ್ಲ.

ಟಿಕೆಟ್ ವಿಷಯದಲ್ಲಿ ಒಂದೇ ಮಾತು. 199 ಕಿ.ಮೀ.ವರೆಗಿನ ಜನರಲ್ ಟಿಕೆಟ್ ತೆಗೆದರೆ ಮೂರು ತಾಸಿನೊಳಗೆ, ಇಲ್ಲವೇ ಆ ಕಡೆಯ ಮೊದಲ ರೈಲಿಗೆ ಹತ್ತಬೇಕು. ಹಿಂದಿನ ರಾತ್ರಿ ತೆಗೆದಿಟ್ಟುಕೊಳ್ಳಬೇಡಿ. ಕರ್ನಾಟಕದ ಹೆಣ್ಣುಮಕ್ಕಳು ಕೇಳಿದರೆ ನಾನು ನೇರವಾಗಿ ಹೇಳುವುದು: ಶಕ್ತಿ ಯೋಜನೆ ಇರುವಾಗ ಬೀದರ್, ಯಾದಗಿರಿಗೆ ಬಸ್ಸೇ ಪುಕ್ಕಟೆ. ಹೋಗುವಾಗ ರೈಲಿನ ಕಿಟಕಿ ಸೀಟು, ಬರುವಾಗ ಬಸ್ಸು ಅಂತ ಇಟ್ಟುಕೊಳ್ಳಿ.

ರೂಮನ್ನು ಸ್ಟೇಷನ್ ಹತ್ತಿರವೇ ಮಾಡಿ. ಬೆಳಗಿನ ಆಟೊ ಖರ್ಚು ಉಳಿಯುತ್ತದೆ. ಅಕ್ಟೋಬರ್‌ನಿಂದ ಫೆಬ್ರವರಿಯೊಳಗೆ ಬನ್ನಿ. ಏಪ್ರಿಲ್, ಮೇನಲ್ಲಿ ಬರುತ್ತೀನಿ ಅಂದರೆ ನಾನೇ ಬೇಡ ಅನ್ನುತ್ತೇನೆ.

ನಾಲ್ಕನೇ ದಿನ ರೈಲು ಹತ್ತಬೇಡಿ. ತಡವಾಗಿ ಎದ್ದು, ಸುಸಲಾ (ಮಂಡಕ್ಕಿ ಒಗ್ಗರಣೆ), ಮಿರ್ಚಿ ತಿಂದು, ನಮ್ಮೂರ ಕೋಟೆಗೆ ಹೋಗಿ. ಒಳಗಿನ ಜಾಮಿಯಾ ಮಸೀದಿ 1367ರದ್ದು. ಬೇರೆ ಕಡೆ ಅಂಗಳ ಬಯಲಾಗಿರುತ್ತದೆ, ಇಲ್ಲಿ ಅಂಗಳಕ್ಕೂ ಗುಮ್ಮಟಗಳ ಮಾಡು. ಅಲ್ಲಿಂದ ಬಂದೇ ನವಾಜ್ ದರ್ಗಾ, ಸಂಜೆಗೆ ಶರಣಬಸವೇಶ್ವರ ಗುಡಿ. ಮೂರೂ ಊರೊಳಗೇ ಇವೆ.