ಎಂಬತ್ತು ಬಿಚ್ಚಿ ಅರವತ್ತನಾಲ್ಕು

ಡಿಸೆಂಬರ್ 19, 2024, ಗುರುವಾರ
ಮೈಸೂರು, ರಾತ್ರಿ 10.40

ಬೆರಳು ನೋಯುತ್ತಿದೆ. ಆದರೂ ಇವತ್ತು ರೈಲಲ್ಲಿ ಆದದ್ದನ್ನು ಬರೆಯದೆ ಮಲಗಿದರೆ ನಿದ್ದೆ ಬರಲ್ಲ.

ಸಂಜೆ ಮಂಡ್ಯ ಸ್ಟೇಷನ್ನಿನಲ್ಲಿ ಜನವೋ ಜನ. ನಾಳೆಯಿಂದ ಸಾಹಿತ್ಯ ಸಮ್ಮೇಳನ ಅಲ್ವಾ. 1994ರ ನಂತರ ಈಗ ಮತ್ತೆ ಮಂಡ್ಯಕ್ಕೆ ಬಂದಿದೆ. ಶನಿವಾರ ಪುಟ್ಟಿಯನ್ನು ಕರೆದುಕೊಂಡು ಪುಸ್ತಕ ನೋಡಲು ಹೋಗಲೇಬೇಕು. ಹೇಗೋ ಕಿಟಕಿ ಪಕ್ಕ ಸೀಟು ಸಿಕ್ಕಿತು. ಚೀಲದಿಂದ ಟೋಪಿ ತೆಗೆದೆ.

ಸ್ವೆಟರ್ ಹೆಣೆಯುವುದನ್ನು ಬಿಟ್ಟು ಎರಡು ವರ್ಷ ಆಯಿತು. ಇವರದ್ದೊಂದು ತೋಳಿಲ್ಲದೆ ಬೀರುವಿನಲ್ಲೇ ಇದೆ. ಕೂಸಿನ ಟೋಪಿ ಹಾಗಲ್ಲ. 10ನೇ ನಂಬರ್ ಕಡ್ಡಿ, ಮೆತ್ತನೆ ಹತ್ತಿ ನೂಲು, 80 ಕುಣಿಕೆ. ಎರಡು ಸೀದಾ, ಎರಡು ಉಲ್ಟಾ ಅಂತ ಅಂಚು, ಆಮೇಲೆ ಸುಮ್ನೆ ಹೆಣೆಯುತ್ತಾ ಹೋಗುವುದು. ನೆತ್ತಿ ಹತ್ತಿರ ಬಂದಾಗ ಸಾಲಿಗೆ ಎಂಟೆಂಟು ಕಡಿಮೆ ಮಾಡಿ, ಹಿಂದೆ ಒಂದು ಹೊಲಿಗೆ. ಹೋಗುತ್ತಾ ಬರುತ್ತಾ ಎರಡು ದಿನಕ್ಕೆ ಒಂದು ಮುಗಿಯುತ್ತದೆ. ಹತ್ತು ಸೇರಿದಾಗ ತೊಳೆದು ಹೆರಿಗೆ ವಾರ್ಡಿಗೆ ಕೊಟ್ಟು ಬರುತ್ತೇನೆ. ಕೈಯಲ್ಲಿ ಹಿಡಿದದ್ದು ಮುಗಿಯುತ್ತದೆ ಅನ್ನುವ ಸಂತೋಷ ನನಗೆ ಬೇರೆ ಯಾವ ಕೆಲಸದಲ್ಲೂ ಇಷ್ಟು ಸಿಕ್ಕಿಲ್ಲ.

ಎದುರು ಸೀಟಿನಲ್ಲಿ ಒಬ್ಬರು ಅಜ್ಜಿ. ಮಡಿಲಲ್ಲಿ ಟಿಫನ್ ಕ್ಯಾರಿಯರ್. ತುಂಬಾ ಹೊತ್ತು ನನ್ನ ಕೈಯನ್ನೇ ನೋಡುತ್ತಿದ್ದರು.

“ಕುಲಾವಿಯಾ? ಯಾರ್ಗವ್ವ?”

“ಯಾರಿಗೆ ಅಂತ ಇಲ್ಲ ಅಜ್ಜಿ. ಆಸ್ಪತ್ರೇಲಿ ಹುಟ್ಟೋ ಮಕ್ಕಳಿಗೆ.”

“ಹುಟ್ಟೋಕ್ ಮುಂಚೇನೇ ಮಾಡಿಡ್ತೀಯಾ?”

ಅವರ ಮುಖ ಸಣ್ಣಗಾಯಿತು. ನನಗೆ ತಕ್ಷಣ ಅರ್ಥವಾಯಿತು. ನಮ್ಮ ಮನೆಯಲ್ಲೂ ಹಾಗೇ. ಕೂಸು ಕೈಗೆ ಬರುವ ತನಕ ತೊಟ್ಟಿಲು ಇಳಿಸಲ್ಲ, ಹೊಸ ಬಟ್ಟೆ ತರಲ್ಲ. ಪುಟ್ಟಿ ಹುಟ್ಟಿದಾಗ ಅಮ್ಮ ತಮ್ಮ ಹಳೇ ಸೀರೆ ಹರಿದು ಅವಳ ತಲೆಗೆ ಸುತ್ತಿದ್ದರು. ಅದು ಭಯದಿಂದ ಹುಟ್ಟಿದ ಪದ್ಧತಿ. ಎಷ್ಟು ಮನೆಗಳಲ್ಲಿ ಎಷ್ಟು ತೊಟ್ಟಿಲು ಖಾಲಿ ಉಳಿದ ಮೇಲೆ ಬಂದಿದ್ದೋ. ನಾನು ವಾದ ಮಾಡಲಿಲ್ಲ.

ಪಾಂಡವಪುರ ದಾಟಿದ ಮೇಲೆ ಅವರೇ ಮಾತಾಡಿದರು. ಮಗಳಿಗೆ ಸೋಮವಾರ ಹೆರಿಗೆಯಾಗಿದೆ. ಗಂಡು ಕೂಸು. “ಎಂಟ್ ತಿಂಗ್ಳಿಗೇ ಆಗೋಯ್ತು ಕಣವ್ವ. ಒಂದೂ ಮುಕ್ಕಾಲು ಕೆಜಿ. ಹಗಲು ಅಳಿಯ ಇರ್ತಾನೆ, ರಾತ್ರಿಗೆ ನಾನು.” ಆಮೇಲೆ ದನಿ ತಗ್ಗಿಸಿ, “ಏಳು ತಿಂಗ್ಳದ್ದು ಉಳೀತದೆ, ಎಂಟು ತಿಂಗ್ಳದ್ದು ಕಷ್ಟ ಅಂತಾರಲ್ಲ?”

ಮೂರು ದಿನದಿಂದ ಈ ಮಾತನ್ನು ಎದೆಯಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದಾರೆ. ಯಾರೂ ಅವರಿಗೆ ಅದು ಸುಳ್ಳು ಅಂತ ಹೇಳಿಲ್ಲ. ನನಗೆ ಸಿಟ್ಟೇ ಬಂತು. ಅವರ ಮೇಲಲ್ಲ, ಆ ಮಾತಿನ ಮೇಲೆ. ಕೈ ಹಿಡಿದುಕೊಂಡು ಹೇಳಿದೆ. “ಅದು ಸುಳ್ಳು ಅಜ್ಜಿ. ಹೊಟ್ಟೇಲಿ ಎಷ್ಟು ದಿನ ಜಾಸ್ತಿ ಇರುತ್ತೋ ಅಷ್ಟು ಒಳ್ಳೇದು. ಏಳಕ್ಕಿಂತ ಎಂಟು ವಾಸಿ. 37 ವಾರ ತುಂಬೋಕೆ ಮುಂಚೆ ಹುಟ್ಟಿದ ಮಕ್ಕಳನ್ನ ಬೆಚ್ಚಗೆ ಇಡಬೇಕು, ಅದು ಮುಖ್ಯ. ಚರ್ಮದ ಕೆಳಗೆ ಇನ್ನೂ ಕೊಬ್ಬು ಬಂದಿರಲ್ಲ. ಮೈಗಿಂತ ತಲೆ ದೊಡ್ಡದಿರೋದ್ರಿಂದ ಅಲ್ಲಿಂದ ಶಾಖ ಜಾಸ್ತಿ ಹೋಗುತ್ತೆ.”

“ಹೂಂ, ನರ್ಸಮ್ಮನೂ ಬೆಚ್ಚಗಿಡಿ ಅಂದ್ರು. ಅವ್ವನ ಎದೆ ಮೇಲೆ ಬರೀ ಮೈಲಿ ಮಲಗಿಸ್ತಾರೆ, ತಲೆಗೆ ಕುಲಾವಿ ಹಾಕಿ. ಆದ್ರೆ ಪೇಟೇಲಿ ತಂದಿದ್ದು ಕಣ್ಣು ಮೂಗು ಎಲ್ಲಾ ಮುಚ್ಕತದೆ.”

ಎಷ್ಟು ದಪ್ಪ ಇದೆ ತಲೆ ಅಂತ ಕೇಳಿದೆ. ಕ್ಯಾರಿಯರ್ ಪಕ್ಕಕ್ಕಿಟ್ಟು, ಎರಡೂ ಕೈಯ ಹೆಬ್ಬೆರಳು ತೋರುಬೆರಳು ಸೇರಿಸಿ ಒಂದು ಉಂಡೆ ಮಾಡಿದರು. ಸ್ವಲ್ಪ ಯೋಚಿಸಿ ಇನ್ನೊಂದಿಷ್ಟು ಒಳಗೆ ತಂದರು. ಆ ಬೆರಳುಗಳಿಗೆ ಅದು ಸರಿಯಾಗಿ ನೆನಪಿತ್ತು. ನಾನು ನೂಲನ್ನು ಅವರ ಕೈಯ ಸುತ್ತ ಹಾಯಿಸಿ, ಸೇರಿದ ಕಡೆ ಗಂಟು ಹಾಕಿ ಕತ್ತರಿಸಿಕೊಂಡೆ.

ಅಷ್ಟೊತ್ತಿಗೆ ಶ್ರೀರಂಗಪಟ್ಟಣ. ಹೊಳೆ ಮೇಲೆ ಗಾಡಿ ಗಡಗಡ ಅಂದಾಗ ಕತ್ತಲಲ್ಲೇ ಕಾವೇರಿಗೆ ಕೈಮುಗಿದರು. ನಾನು ಎರಡು ಇಂಚು ಬಂದಿದ್ದ ಟೋಪಿಯನ್ನು ಎಳೆದು ಬಿಚ್ಚಿದೆ. “ಅಯ್ಯೋ, ಯಾಕವ್ವ!” ಅಂದರು. ನಿಮ್ಮ ಮೊಮ್ಮಗನಿಗೆ ಅಂದೆ. ಅವನು ಹುಟ್ಟಿ ಆಗಿದೆಯಲ್ಲ, ಈಗ ಹೆಣೆಯಬಹುದು ಅಲ್ವಾ ಅಂದೆ. ಏನೂ ಹೇಳಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ನೂಲಿನ ಉಂಡೆ ಕೆಳಗೆ ಬೀಳದ ಹಾಗೆ ಮೈಸೂರು ಬರುವ ತನಕ ತಾವೇ ಹಿಡಿದುಕೊಂಡು ಕೂತರು.

ಮನೆಗೆ ಬಂದು ಆ ನೂಲನ್ನು ಟೇಪಿನ ಮೇಲೆ ಇಟ್ಟು ನೋಡಿದೆ. 29 ಸೆಂಟಿಮೀಟರ್. 64 ಕುಣಿಕೆ ಸಾಕು.

ಅನ್ನ ಸಾರು ಆಯಿತು, ಇವರು ಮಲಗಿದರು. ಟೋಪಿ ನೆತ್ತಿವರೆಗೂ ಬಂದಿದೆ. ಗುಂಡಿ, ದಾರ, ಕುಚ್ಚು ಏನೂ ಹಾಕಿಲ್ಲ, ಇಷ್ಟು ಚಿಕ್ಕ ಮಕ್ಕಳಿಗೆ ಹಾಕಲೂಬಾರದು. ಈಗಲೇ ಹೊಲಿದು, ಸೋಪಿನಲ್ಲಿ ತೊಳೆದು ಫ್ಯಾನ್ ಕೆಳಗೆ ಹರಡಿದರೆ ಬೆಳಿಗ್ಗೆಗೆ ಒಣಗುತ್ತದೆ. ಈ ಚಳಿಯಲ್ಲಿ ಒಣಗಬೇಕು ಅಷ್ಟೆ.

ಒಂದು ಮಾತು ಹೇಳುವುದು ಮರೆತೆ. ಮನೆಗೆ ಕರೆದುಕೊಂಡು ಹೋದ ಮೇಲೆ ಮಲಗಿಸುವಾಗ ಟೋಪಿ ತೆಗೆಯಬೇಕು, ಸೆಕೆ ಜಾಸ್ತಿಯಾದರೂ ಕಷ್ಟ. ನಮ್ಮ ಅಜ್ಜಿಯರು ಹಗಲು ರಾತ್ರಿ ಕುಲಾವಿ ತೆಗೆಯುವುದೇ ಇಲ್ಲ. ನಾಳೆ ಹೇಳಬೇಕು. ನಾಳೆ ಇದೇ ಗಾಡಿಗೆ ಬರ್ತೀನಿ ಅಂದಿದ್ದಾರೆ. ಸಮ್ಮೇಳನದ ಜನದ ಮಧ್ಯೆ ಹೇಗೆ ಹುಡುಕುವುದೋ. ಇಂಜಿನ್ನಿನಿಂದ ನಾಲ್ಕನೇ ಬೋಗಿ ಅಂತ ಇಳಿಯುವಾಗ ಕೂಗಿ ಹೇಳಿದೆ, ಅವರಾಗಲೇ ಮೆಟ್ಟಿಲ ಹತ್ತಿರ ಇದ್ದರು, ಕೇಳಿಸಿತೋ ಇಲ್ಲವೋ. ಹೆಸರಾದರೂ ಕೇಳಿಕೊಂಡಿದ್ದರೆ