ಕೆಟ್ಟ ದಾಳಿಂಬೆ ರಸ

ಕೊಪ್ಪಳದ ಸಂತೆಯಿಂದ ದಾಳಿಂಬೆ ತಂದು ರಸ ಮಾಡಿಟ್ಟಿದ್ದೆ. ಫ್ರಿಜ್‌ನಲ್ಲಿ ಇಡೋದು ಮರೆತೆ. ನಮ್ಮ ಬಿಸಿಲು ಗೊತ್ತಲ್ಲ, ಸಂಜೆಗೇ ಹುಳಿ ವಾಸನೆ. "ಒಂದು ಕುದಿ ಕುದಿಸಿಟ್ಟಿದ್ರ ಕೆಡ್ತಿದ್ದಿಲ್ಲ ನೋಡು" ಅಂದಳು ಅವ್ವ. ಕುದಿಸಿದರೆ ಆ ತಾಜಾ ರುಚಿ ಎಲ್ಲಿ ಉಳಿಯುತ್ತೆ?

ಕುದಿಸದೆಯೂ ಒಂದು ದಾರಿ ಇದೆ. ತುಂಬಿದ ಪ್ಲಾಸ್ಟಿಕ್ ಬಾಟಲಿಯನ್ನೇ ನೀರಿರುವ ದಪ್ಪ ಉಕ್ಕಿನ ಪಾತ್ರೆಯಲ್ಲಿಟ್ಟು ಒತ್ತಡ ಕೊಡುತ್ತಾರೆ. ಎಷ್ಟು? ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 6000 ಪಟ್ಟು! ಸಮುದ್ರದ ಅತಿ ಆಳದ ಜಾಗದಲ್ಲಿರುವುದಕ್ಕಿಂತ ಐದು ಪಟ್ಟು ಜಾಸ್ತಿ. ಕೆಲವೇ ನಿಮಿಷದಲ್ಲಿ ಬ್ಯಾಕ್ಟೀರಿಯಾ ಸಾಯುತ್ತವೆ. ಎಲ್ಲ ಕಡೆಯಿಂದ ಸಮನಾಗಿ ಒತ್ತುವುದರಿಂದ ಬಾಟಲಿ ನಜ್ಜುಗುಜ್ಜಾಗಲ್ಲ. 1899ರಲ್ಲೇ ಅಮೆರಿಕದ ಬರ್ಟ್ ಹೈಟ್ ಹಾಲಿನ ಮೇಲೆ ಇದನ್ನು ಪ್ರಯತ್ನಿಸಿದ್ದರು. ಆದರೆ ಕೆಲವು ಬ್ಯಾಕ್ಟೀರಿಯಾಗಳ ಸ್ಪೋರ್ ಅನ್ನೋ ಗಟ್ಟಿ ರೂಪ ಇದಕ್ಕೂ ಜಗ್ಗಲ್ಲ. ಹಾಗಾಗಿ ಆಮೇಲೂ ಫ್ರಿಜ್ ಬೇಕೇ ಬೇಕು. ನನ್ನಂಥ ಮರೆಗುಳಿಗೆ ಅದರಿಂದಲೂ ಉಪಯೋಗ ಅಷ್ಟಕ್ಕಷ್ಟೇ!

ಇದೇ ಒತ್ತಡ ಗಿಡದ ಜೀವಕೋಶಗಳನ್ನೂ ಒಡೆಯುತ್ತೆ. ದಾಳಿಂಬೆ ಸಿಪ್ಪೆಯ ಬಣ್ಣ, ಒಗರಿನ ಅಂಶ ಬೇಗ ಹೊರಬರುತ್ತವೆ. ನಾನು ಸಿಪ್ಪೆಯನ್ನು ತಿಪ್ಪೆಗೆ ಎಸೆಯಲು ಹೊರಟಿದ್ದೆ. ಅವ್ವ ಕಿತ್ತುಕೊಂಡು ಮಾಳಿಗೆ ಮೇಲೆ ಒಣಗಲು ಹಾಕಿದ್ದಾಳೆ.